ಮಾಲ್ಡೀವ್ಸ್‌ನ ಸಣ್ಣ ದ್ವೀಪದಲ್ಲಿ ಇಂಗ್ಲಿಷ್ ಟೀಚರ್ ಕೆಲಸ: ಅಲ್ಲಿ ಇದ್ದವರು, ಇರುವವರು ಸ್ವಲ್ಪ ಹೇಳಿ

ದುರ್ಗದ_ಹುಡುಗಿ:
ಎಲ್ಲರಿಗೂ ನಮಸ್ಕಾರ. ನಾನು ಎಂಎ ಇಂಗ್ಲಿಷ್, ಬಿಎಡ್. ಚಿತ್ರದುರ್ಗ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ. ಗೌರವಧನ ಯಾವಾಗ ಬರುತ್ತದೆ ಎಂದು ಕೇಳಬೇಡಿ, ಬಂದಾಗ ಬರುತ್ತದೆ.

ಈಗ ಮಾಲ್ಡೀವ್ಸ್‌ನ ಸರ್ಕಾರಿ ಶಾಲೆಯೊಂದರಿಂದ ಆಫರ್ ಬಂದಿದೆ. ಉತ್ತರದ ಹಾ ದಾಲು ಅಟಾಲ್‌ನ ಒಂದು ಸಣ್ಣ ದ್ವೀಪ. 8, 9, 10ನೇ ತರಗತಿಗೆ ಇಂಗ್ಲಿಷ್. ಅಟಾಲ್ ಅಂದರೆ ನಮ್ಮ ತಾಲ್ಲೂಕು ಇದ್ದ ಹಾಗೆ, ಊರು ಊರಿನ ನಡುವೆ ಹೊಲದ ಬದಲು ಸಮುದ್ರ, ಅಷ್ಟೇ ಎಂದು ಅಮ್ಮನಿಗೆ ಹೇಳಿದ್ದೇನೆ. ಅಮ್ಮ ನಂಬಿಲ್ಲ.

ಕೇಳಬೇಕಾದ್ದು ಬಹಳ ಇದೆ. ನಾನು ಮೀನು, ಮಾಂಸ ತಿನ್ನುವುದಿಲ್ಲ, ಮೊಟ್ಟೆ ಪರವಾಗಿಲ್ಲ. ಒಬ್ಬಳೇ ಹೋಗುತ್ತೇನೆ. ಸಂಬಳ ಅಲ್ಲಿನ ಹಣ ರುಫಿಯಾದಲ್ಲಿ. ರಾಜಧಾನಿ ಮಾಲೆಯ ಶಾಲೆಯೊಂದಕ್ಕೂ ಅರ್ಜಿ ಹಾಕಬಹುದು ಎಂದು ಗೆಳತಿ ಹೇಳುತ್ತಿದ್ದಾಳೆ. ದ್ವೀಪ ಒಳ್ಳೆಯದೋ, ರಾಜಧಾನಿಯೋ? ಗೂಗಲ್ ಮಾಡಿದರೆ ನೀಲಿ ನೀರಿನ ರೆಸಾರ್ಟ್ ಫೋಟೋ ಬಿಟ್ಟು ಬೇರೇನೂ ಸಿಗುತ್ತಿಲ್ಲ. ಟಿವಿಯಲ್ಲಿ ‘ಇಂಡಿಯಾ ಔಟ್’ ಸುದ್ದಿ ನೋಡಿದಾಗಿನಿಂದ ಅಮ್ಮನಿಗೆ ಬೇರೆ ಭಯ.

ಕುಡ್ಲದ_ಮೀನು:
ರೆಸಾರ್ಟ್ ಫೋಟೋ ಮರೆತುಬಿಡಿ ಮಾರಾಯ್ರೆ. ರೆಸಾರ್ಟ್ ಇರುವ ದ್ವೀಪವೇ ಬೇರೆ, ಜನ ಇರುವ ದ್ವೀಪವೇ ಬೇರೆ. ಈ ದೇಶದಲ್ಲಿ ಸುಮಾರು 1,200 ದ್ವೀಪಗಳಿವೆ, ಜನ ವಾಸ ಇರುವುದು 200ಕ್ಕಿಂತ ಕಡಿಮೆ ದ್ವೀಪಗಳಲ್ಲಿ. ಟೀಚರ್‌ಗೂ ರೆಸಾರ್ಟಿಗೂ ಸಂಬಂಧ ಇಲ್ಲ.

ನಾನು ಹುಳುಮಾಲೆಯಲ್ಲಿ ಇದ್ದೇನೆ. ಸಮುದ್ರ ತುಂಬಿಸಿ ಮಾಡಿದ ಜಾಗ, 2018ರಲ್ಲಿ ಸೇತುವೆ ಆದ ಮೇಲೆ ಮಾಲೆಗೆ ಬಸ್ಸಿನಲ್ಲೇ ಹೋಗಬಹುದು. ನನ್ನ ಮತ ರಾಜಧಾನಿಗೆ. ಇಂದಿರಾ ಗಾಂಧಿ ಆಸ್ಪತ್ರೆ ಇಲ್ಲಿದೆ, ಭಾರತದ ಬ್ಯಾಂಕ್ ಇದೆ, ಏರ್‌ಪೋರ್ಟ್ ಪಕ್ಕದಲ್ಲೇ. ತರಕಾರಿ, ತೊಗರಿಬೇಳೆ, ರವೆ ಎಲ್ಲ ಸಿಗುತ್ತದೆ. ತಲೆನೋವು ಒಂದೇ, ಬಾಡಿಗೆ. ಮಾಲೆ ದ್ವೀಪ ಎರಡು ಚದರ ಕಿಲೋಮೀಟರ್ ಆಸುಪಾಸು, ಅದರಲ್ಲಿ ದೇಶದ ಕಾಲುಭಾಗಕ್ಕಿಂತ ಜಾಸ್ತಿ ಜನ. ಒಬ್ಬರೇ ಮನೆ ಮಾಡುವ ಮಾತು ಬಿಡಿ, ನಾವು ಮೂವರು ಟೀಚರ್‌ಗಳು ಒಂದು ಫ್ಲಾಟ್ ಹಂಚಿಕೊಂಡಿದ್ದೇವೆ. ಮೇಲೆ ಸ್ವಲ್ಪ ಟ್ಯೂಷನ್ ಸಿಕ್ಕಿದರೆ ಸರಿಹೋಗುತ್ತದೆ.

ಬೆಣ್ಣೆದೋಸೆ:
ಹೋಗಿ ಬಂದವನು ನಾನು. ಕೆಲಸ ಚೆನ್ನಾಗಿತ್ತು, ಮಕ್ಕಳೂ ಚೆನ್ನ. ದುಡ್ಡಿನ ವಿಷಯ ಮಾತ್ರ ಯಾರೂ ಸರಿಯಾಗಿ ಹೇಳುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಸರ್ಕಾರಿ ದರದಲ್ಲಿ ಒಂದು ಡಾಲರಿಗೆ 15.42 ರುಫಿಯಾ. 2011ರಿಂದ ಆ ಮಿತಿ ಹಾಗೇ ಇದೆ. ಏಜೆಂಟರು ನಿಮ್ಮ ಸಂಬಳವನ್ನು 15.42ರಿಂದ ಭಾಗಿಸಿ, ರೂಪಾಯಿಗೆ ತಿರುಗಿಸಿ, ದೊಡ್ಡ ಮೊತ್ತ ತೋರಿಸುತ್ತಾರೆ. ಆ ದರಕ್ಕೆ ಬೇಕಾದಷ್ಟು ಡಾಲರ್ ಸಿಕ್ಕಿದರೆ ತಾನೇ? ಆ ದೇಶಕ್ಕೆ ಡಾಲರ್ ಬರುವುದು ಮುಖ್ಯವಾಗಿ ಪ್ರವಾಸದಿಂದ, ಅಕ್ಕಿಯಿಂದ ಪೆಟ್ರೋಲ್‌ವರೆಗೆ ಎಲ್ಲ ಹೊರಗಿನಿಂದ ತರಬೇಕು, ಹಾಗಾಗಿ ಯಾವಾಗಲೂ ಕೊರತೆ. ಬ್ಯಾಂಕಿನಲ್ಲಿ ವಿದೇಶಿ ನೌಕರರು ತಿಂಗಳಿಗೆ ಇಷ್ಟೇ ಕಳಿಸಬಹುದು ಎಂಬ ಮಿತಿ ಇರುತ್ತದೆ. ಆ ಮಿತಿ ಕೆಳಗೂ ಇಳಿಯುತ್ತದೆ. ಹೊರಗೆ ಡಾಲರ್ ಕೊಳ್ಳಲು ಹೋದರೆ 15.42ಕ್ಕೆ ಯಾರೂ ಕೊಡುವುದಿಲ್ಲ, ಜಾಸ್ತಿ ಕೇಳುತ್ತಾರೆ, ಕಾನೂನಿನ ಭಯ ಬೇರೆ.

ಊರಲ್ಲಿ ಸಾಲದ ಕಂತು ಕಟ್ಟಬೇಕು ಎನ್ನುವವರು ಎರಡು ಸಲ ಯೋಚನೆ ಮಾಡಿ. ಖರ್ಚಾಗದೆ ಉಳಿದ ರುಫಿಯಾ ಅಲ್ಲೇ ಬಿದ್ದಿರುತ್ತದೆ.

ಸಾಗರದ_ಮೇಷ್ಟ್ರು:
ಬೆಣ್ಣೆದೋಸೆ ಹೇಳಿದ್ದು ಸರಿ, ಆದರೆ ಅದೊಂದಕ್ಕೇ ಬೇಡ ಅನ್ನಬೇಡಿ. ನಾನು ದಕ್ಷಿಣದ ತುದಿಯ ಅಡ್ಡೂನಲ್ಲಿ ಇದ್ದೇನೆ, ಇಂಗ್ಲಿಷೇ ನನ್ನ ವಿಷಯ.

ಮೊದಲು ಕಾಗದಪತ್ರ. ಆಫರ್ ಲೆಟರ್ ಶಿಕ್ಷಣ ಸಚಿವಾಲಯದ್ದೋ, ಶಾಲೆಯದ್ದೋ, ನಡುವೆ ಇರುವ ಏಜೆನ್ಸಿಯದ್ದೋ ನೋಡಿ. ಏಜೆನ್ಸಿ ಕಾಗದ ಮಾತ್ರ ಇದ್ದರೆ ದುಡ್ಡು ಕೊಡಬೇಡಿ. ಹೊರಡುವ ಮೊದಲೇ ನಿಮ್ಮ ಹೆಸರಿಗೆ ಉದ್ಯೋಗ ಅನುಮತಿ ಆಗಿರಬೇಕು. ‘ಮೊದಲು ಪ್ರವಾಸಿ ವೀಸಾದಲ್ಲಿ ಬನ್ನಿ, ಆಮೇಲೆ ಸರಿಮಾಡೋಣ’ ಎಂದರೆ ಅಲ್ಲಿಗೇ ನಮಸ್ಕಾರ ಹೇಳಿ. ಪದವಿ, ಬಿಎಡ್ ಪ್ರಮಾಣಪತ್ರಗಳಿಗೆ ವಿದೇಶಾಂಗ ಸಚಿವಾಲಯದ ಅಟೆಸ್ಟೇಷನ್ ಮಾಡಿಸಿ. ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಆಗುತ್ತದೆ. ಇವೆರಡೂ ಸಮಯ ತಿನ್ನುತ್ತವೆ, ಇವತ್ತೇ ಶುರು ಮಾಡಿ. ಒಪ್ಪಂದದಲ್ಲಿ ಮನೆ ಬಾಡಿಗೆ ಯಾರದು, ವರ್ಷಕ್ಕೊಮ್ಮೆ ಟಿಕೆಟ್ ಇದೆಯಾ, ರಜೆಯಲ್ಲಿ ಸಂಬಳ ಇದೆಯಾ, ಮಧ್ಯದಲ್ಲಿ ಬಿಟ್ಟರೆ ಏನು ಕಟ್ಟಬೇಕು, ಇವನ್ನು ಓದಿ. ಪಾಸ್‌ಪೋರ್ಟ್ ಯಾರ ಕೈಗೂ ಕೊಟ್ಟು ಮರೆಯಬೇಡಿ.

ಕುಡ್ಲದವರೇ, ಟ್ಯೂಷನ್ ವಿಷಯ ಇಷ್ಟು ಸಲೀಸಾಗಿ ಹೇಳಬೇಡಿ. ವರ್ಕ್ ಪರ್ಮಿಟ್ ಒಬ್ಬ ಮಾಲೀಕರಿಗೆ ಕಟ್ಟಿದ್ದು. ಬೇರೆ ಕಡೆ ದುಡಿದು ಸಿಕ್ಕಿಬಿದ್ದರೆ ವೀಸಾ ಹೋಗುತ್ತದೆ. ಹೊಸಬರಿಗೆ ಆ ಲೆಕ್ಕ ಕೊಟ್ಟು ಮಾಲೆಗೆ ಕರೆಯುವುದು ಸರಿ ಅಲ್ಲ.

ದ್ವೀಪವೋ ಮಾಲೆಯೋ? ನಾನಾದರೆ ದ್ವೀಪ. ಅಲ್ಲಿ ಖರ್ಚು ಮಾಡೋಣ ಅಂದರೂ ಜಾಗ ಇಲ್ಲ. ಬಹಳ ಕಡೆ ಮನೆ ಕೊಡುತ್ತಾರೆ ಅಥವಾ ಬಾಡಿಗೆ ಕೈಗೆಟಕುತ್ತದೆ. ಹಾ ದಾಲುವಿನ ಕುಳುದುಫ್ಫುಶಿಯಲ್ಲೂ ಹನಿಮಾಧೂನಲ್ಲೂ ವಿಮಾನ ನಿಲ್ದಾಣ ಇದೆ, ಕುಳುದುಫ್ಫುಶಿಯಲ್ಲಿ ದೊಡ್ಡ ಆಸ್ಪತ್ರೆಯೂ ಇದೆ. ನಿಮ್ಮ ದ್ವೀಪದಿಂದ ಅಲ್ಲಿಗೆ ಬೋಟ್ ಎಷ್ಟು ಹೊತ್ತು, ವಾರಕ್ಕೆ ಎಷ್ಟು ಸಲ, ಇದನ್ನು ಶಾಲೆಗೆ ಕೇಳಿ. ‘ಸುಂದರ ದ್ವೀಪ’ ಎಂಬ ಉತ್ತರ ಬಂದರೆ ಮತ್ತೆ ಕೇಳಿ.

ಅಮ್ಮನವರಿಗೆ ಹೀಗೆ ಹೇಳಿ. ‘ಇಂಡಿಯಾ ಔಟ್’ ಎಂಬುದು ಅಲ್ಲಿದ್ದ ಭಾರತದ ಸೈನಿಕರ ವಿಷಯದ ರಾಜಕೀಯ, 2023ರ ಚುನಾವಣೆಯಲ್ಲಿ ಜೋರಾಗಿತ್ತು. 2024ರ ಮೇ ಹೊತ್ತಿಗೆ ಆ ಸೈನಿಕರು ವಾಪಸ್ ಬಂದರು. 2025ರ ಜುಲೈನಲ್ಲಿ ಮಾಲ್ಡೀವ್ಸ್‌ನ 60ನೇ ಸ್ವಾತಂತ್ರ್ಯ ದಿನಕ್ಕೆ ನಮ್ಮ ಪ್ರಧಾನಿಯೇ ಅತಿಥಿ. ಮೇಷ್ಟ್ರಿಗೆ, ಡಾಕ್ಟರಿಗೆ ಯಾರೂ ಔಟ್ ಅನ್ನಲಿಲ್ಲ. ಇಲ್ಲಿನ ವಯಸ್ಸಾದವರು ಭಾರತ ಅಂದರೆ 1988ರ ನವೆಂಬರ್ ತೆಗೆಯುತ್ತಾರೆ. ಸರ್ಕಾರ ಉರುಳಿಸಲು ಕೂಲಿ ಸೈನಿಕರು ಬಂದಾಗ ನಮ್ಮ ಸೈನ್ಯ ರಾತ್ರೋರಾತ್ರಿ ಬಂದಿಳಿದ ಕಥೆ. ಚಹಾ ಅಂಗಡಿಯಲ್ಲಿ ಕೂತರೆ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ದುರ್ಗದ_ಹುಡುಗಿ:
ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ಆಫರ್ ಸಚಿವಾಲಯದ್ದೇ, ಮನೆ ಕೊಡುತ್ತಾರಂತೆ. ಬೋಟ್ ವಿಷಯ ಕೇಳಿದೆ, ‘ದಿನಾ ಇದೆ, ಶುಕ್ರವಾರ ಇಲ್ಲ, ಸಮುದ್ರ ಕೆಟ್ಟರೆ ಇಲ್ಲ’ ಎಂದರು. ಈಗ ಊಟದ ಬಗ್ಗೆ ಯಾರಾದರೂ ಹೇಳಿ. ಅಮ್ಮ ಆ ಒಂದು ಉತ್ತರಕ್ಕೆ ಕಾಯುತ್ತಿದ್ದಾರೆ.

ಧಾರವಾಡ_ಪೇಡೆ:
ಅಕ್ಕಾವ್ರೆ, ಇದಕ್ಕ ನಾನೇ ಸರಿಯಾದ ಮನುಷ್ಯ. ಮನೆಯಲ್ಲಿ ಉಳ್ಳಾಗಡ್ಡಿ ಕೂಡ ವಿಚಾರ ಮಾಡಿ ತಿನ್ನುವ ಮಂದಿ ನಾವು. ಬಂದಿದ್ದು ಮೀನಿನ ದೇಶಕ್ಕೆ.

ಇಲ್ಲಿ ಮುಂಜಾನೆ ನಾಷ್ಟಾ ‘ಮಸ್ ಹುನಿ’. ಕಾಯಿತುರಿ, ಈರುಳ್ಳಿ, ಮೆಣಸಿನಕಾಯಿ, ನಿಂಬೆರಸ, ಅದರಾಗ ಟ್ಯೂನಾ ಮೀನು. ಜೊತೆಗೆ ‘ರೋಶಿ’, ಅದು ನಮ್ಮ ಚಪಾತಿಯೇ. ಮಧ್ಯಾಹ್ನ ಅನ್ನಕ್ಕೆ ಮೀನಿನ ತಿಳಿಸಾರು, ಹೆಸರು ‘ಗರುಧಿಯಾ’. ಸಂಜೆ ಚಹಾ ಜೊತೆ ಕರಿದ ತಿಂಡಿ, ಅದರೊಳಗೂ ಮೀನು. ‘ಮೀನು ಇಲ್ಲ ತಾನೇ?’ ಎಂದು ಕೇಳಿದರೆ ‘ಸ್ವಲ್ಪವೇ ಇದೆ’ ಎಂದು ಪ್ರೀತಿಯಿಂದ ಹೇಳುತ್ತಾರೆ. ಅವರಿಗೆ ಟ್ಯೂನಾ ಇಲ್ಲದ ಊಟ ಅಂದರೆ ರೋಗಿಯ ಊಟ.

ಆದರೆ ಹೆದರಬೇಡ್ರಿ. ಕಾಯಿ ಇದೆ, ಕರಿಬೇವು ಇದೆ, ಕುಂಬಳಕಾಯಿ, ನುಗ್ಗೆಸೊಪ್ಪು ದ್ವೀಪದಲ್ಲೇ ಬೆಳೆಯುತ್ತಾರೆ. ದೀವಿಹಲಸು ಭರ್ತಿ, ಮಂಗಳೂರಿನವರ ಜೀಗುಜ್ಜೆ. ಮೀನು ಬಿಟ್ಟು ಮಸ್ ಹುನಿ ಕಲಸಿ ತಿಂದು ನೋಡ್ರಿ, ಕೋಸಂಬರಿ ನೆನಪಾಗುತ್ತದೆ. ಅಕ್ಕಿ, ಮೈದಾ, ಸಕ್ಕರೆಗೆ ಸರ್ಕಾರದ ರಿಯಾಯಿತಿ ಇದೆ. ಈರುಳ್ಳಿ, ಆಲೂಗಡ್ಡೆ, ಮೊಟ್ಟೆ, ಬೇಳೆ ಬಹಳಷ್ಟು ನಮ್ಮ ದೇಶದ್ದೇ. 1981ರ ವ್ಯಾಪಾರ ಒಪ್ಪಂದದ ಮೇಲೆ ಭಾರತ ವರ್ಷಾ ಇಷ್ಟು ಕೋಟಾ ಅಂತ ಕೊಡುತ್ತದೆ. 2023ರ ಕೊನೆಗೆ ನಮ್ಮ ಸರ್ಕಾರ ಈರುಳ್ಳಿ ರಫ್ತು ನಿಲ್ಲಿಸಿದಾಗಲೂ ಮುಂದಿನ ವರ್ಷದ ಕೋಟಾದಲ್ಲಿ ಈ ದೇಶಕ್ಕೆ ಬಿಟ್ಟರು. ಹಸಿ ತರಕಾರಿ ಮಾತ್ರ ಬೋಟ್ ಬಂದ ದಿನ ತಗೊಂಡವರಿಗೆ ಉಂಟು. ಬೋಟ್ ಬರುವ ದಿನ ನಿಮಗೆ ಸಂತೆ ಎಂದು ತಿಳಿಯಿರಿ.

ತರಬೇಕಾದ್ದು: ಸಾಂಬಾರ್ ಪುಡಿ, ಹುಣಸೆಹಣ್ಣು, ಇಂಗು, ಸಣ್ಣ ಮಿಕ್ಸರ್, ಕುಕ್ಕರ್. ಪ್ಲಗ್ ಬಗ್ಗೆ ಯಾರೂ ಹೇಳುವುದಿಲ್ಲ ನೋಡ್ರಿ. ಇಲ್ಲಿ ಇಂಗ್ಲೆಂಡಿನ ಚಪ್ಪಟೆ ಮೂರು ಪಿನ್ನಿನ ಸಾಕೆಟ್. ಎರಡು ಮೂರು ಅಡಾಪ್ಟರ್ ತನ್ನಿ, ಇಲ್ಲದಿದ್ದರೆ ಮಿಕ್ಸರ್ ಶೋಕೇಸಿಗೆ.

ಶಿರಸಿ_ಮಿಸ್:
ಊಟದ ಜೊತೆಗೆ ಇನ್ನೊಂದು ಸೇರಿಸಿ. ದೇವರ ವಿಗ್ರಹ ತರಬೇಡಿ. ಪೂಜೆಯ ವಿಗ್ರಹಕ್ಕೆ ಅಲ್ಲಿನ ಕಸ್ಟಮ್ಸ್‌ನಲ್ಲಿ ನಿಷೇಧ. ಮದ್ಯ, ಹಂದಿಮಾಂಸಕ್ಕೂ ನಿಷೇಧ, ಅದು ನಿಮಗೆ ಬೇಕಾಗಿಲ್ಲ. ಬೇರೆ ಧರ್ಮದ ಆಚರಣೆ ಸಾರ್ವಜನಿಕವಾಗಿ ಮಾಡುವಂತಿಲ್ಲ. ಫೋನಿನಲ್ಲಿ ಫೋಟೋ ಇಟ್ಟುಕೊಂಡು ಮನೆಯೊಳಗೆ ಕೈಮುಗಿದರೆ ಯಾರೂ ಕೇಳುವುದಿಲ್ಲ. ದಿನಾ ತಗೊಳ್ಳುವ ಮಾತ್ರೆ ಇದ್ದರೆ ಡಾಕ್ಟರ ಚೀಟಿ ಜೊತೆಗಿರಲಿ.

ನಾನು ನಿಮ್ಮ ಪಕ್ಕದ ಅಟಾಲ್‌ನಲ್ಲಿ ಇದ್ದೇನೆ, ಒಬ್ಬಳೇ. ಹೆಂಗಸರಿಗೆ ಭಯದ ಜಾಗ ಅಲ್ಲ. ರಾತ್ರಿ ಹತ್ತಕ್ಕೂ ಹುಡುಗಿಯರು ಸ್ಕೂಟರಿನಲ್ಲಿ ಓಡಾಡುತ್ತಾರೆ. ಬಟ್ಟೆ ಮಾತ್ರ ಗಮನ ಇರಲಿ, ಚೂಡಿದಾರ್ ಒಳ್ಳೆಯದು. ಸೀರೆ ಉಡಬಹುದು, ಆದರೆ ಬೋಟಿಗೆ ಹತ್ತುವಾಗ ನಿಮಗೇ ಸಿಟ್ಟು ಬರುತ್ತದೆ.

ನಿಜವಾದ ಕಷ್ಟ ಬೇರೆ. ದ್ವೀಪದ ಈ ತುದಿಯಿಂದ ಆ ತುದಿಗೆ ನಡೆಯಲು ಸ್ವಲ್ಪ ಹೊತ್ತು ಸಾಕು. ಅಂಗಡಿಯಲ್ಲಿ ಏನು ಕೊಂಡೆ, ಸಂಜೆ ಯಾರ ಜೊತೆ ಮಾತಾಡಿದೆ, ಎಲ್ಲ ಎಲ್ಲರಿಗೂ ಗೊತ್ತು. ನಿಮ್ಮ ವಿದ್ಯಾರ್ಥಿಯ ತಂದೆಯೇ ಬೋಟ್ ಓಡಿಸುತ್ತಾರೆ, ಚಿಕ್ಕಮ್ಮನೇ ಆರೋಗ್ಯ ಕೇಂದ್ರದ ನರ್ಸ್, ಅಣ್ಣನೇ ಕೌನ್ಸಿಲ್ ಸದಸ್ಯ. ಯಾರಿಗೋ ಕಡಿಮೆ ಮಾರ್ಕ್ಸ್ ಹಾಕಿದರೆ ತರಕಾರಿ ತರುವಾಗ ಅದರ ಚರ್ಚೆ ಆಗುತ್ತದೆ. ಇದು ಕೆಲವರಿಗೆ ಉಸಿರು ಕಟ್ಟಿದ ಹಾಗೆ. ನನಗೆ ಒಗ್ಗಿತು, ಹಳ್ಳಿಯಲ್ಲಿ ಬೆಳೆದವಳು. ಬೆಂಗಳೂರಿನಿಂದ ಬಂದ ಸಹೋದ್ಯೋಗಿ ಒಬ್ಬರಿಗೆ ಕೊನೆಗೂ ಒಗ್ಗಲಿಲ್ಲ.

ಸಂಜೆ ಮನೆಯೊಳಗೆ ಕೂತು ಫೋನ್ ನೋಡಬೇಡಿ. ಮನೆಗಳ ಮುಂದೆ, ಕಡಲ ದಡದಲ್ಲಿ ಹಗ್ಗದ ಬಲೆ ಹೆಣೆದ ಕುರ್ಚಿ ಇರುತ್ತವೆ, ‘ಜೋಲಿ’ ಅನ್ನುತ್ತಾರೆ. ಹೆಂಗಸರು ಅಲ್ಲಿ ಕೂತು ಹರಟುತ್ತಾರೆ. ಭಾಷೆ ಬರದಿದ್ದರೂ ಹೋಗಿ ಕೂತುಕೊಳ್ಳಿ. ನಾನು ದಿವೇಹಿ ಕಲಿತದ್ದು ಅಲ್ಲೇ. ಕ್ರಿಯಾಪದ ನಮ್ಮ ಹಾಗೆ ಕೊನೆಗೆ ಬರುತ್ತದೆ, ಹಾಗಾಗಿ ಕನ್ನಡದವರಿಗೆ ವಾಕ್ಯ ಕಟ್ಟುವುದು ಸುಲಭ.

ರಂಜಾನ್ ತಿಂಗಳಲ್ಲಿ ಹಗಲು ಹೋಟೆಲ್ ಮುಚ್ಚಿರುತ್ತವೆ. ಹೊರಗೆ ನೀರು ಕೂಡ ಕುಡಿಯುವಂತಿಲ್ಲ. ಸಂಜೆ ಆದ ಮೇಲೆ ನೋಡಿ, ಅಕ್ಕಪಕ್ಕದ ಮನೆಗಳಿಂದ ತಟ್ಟೆ ಬರುತ್ತಲೇ ಇರುತ್ತದೆ. ಮೀನು ತಿನ್ನುವುದಿಲ್ಲ ಎಂದು ಊರಿಗೆಲ್ಲ ಗೊತ್ತಾದ ಮೇಲೆ ನನಗೆ ಬರೀ ಬಾಳೆಹಣ್ಣು, ಪಾಯಸ ಬರುತ್ತದೆ. ತೂಕ ಜಾಸ್ತಿ ಆಯಿತು.

ಬುಸಾನ್_ಕನ್ನಡತಿ:
ಮಧ್ಯೆ ಬಾಯಿ ಹಾಕುತ್ತೇನೆ. ಇಂಗ್ಲಿಷ್ ಕಲಿಸಲು ಮಾಲ್ಡೀವ್ಸ್ ಒಂದೇ ಅಲ್ಲ. ದಕ್ಷಿಣ ಕೊರಿಯಾ ಈ ಕೆಲಸದ ವೀಸಾ ಕೊಡುವುದು ಮುಖ್ಯವಾಗಿ ಅಮೆರಿಕ, ಇಂಗ್ಲೆಂಡ್ ಥರದ ಏಳು ದೇಶದವರಿಗೆ. ಆದರೆ 2010ರಲ್ಲಿ ಜಾರಿಗೆ ಬಂದ ಭಾರತ–ಕೊರಿಯಾ ಆರ್ಥಿಕ ಒಪ್ಪಂದದಲ್ಲಿ ಇಂಗ್ಲಿಷ್ ಓದಿ ಶಿಕ್ಷಕರ ಅರ್ಹತೆ ಪಡೆದ ಭಾರತೀಯರಿಗೂ ಸಹಾಯಕ ಶಿಕ್ಷಕರಾಗಿ ದಾರಿ ಇದೆ. ದಾರಿ ಇದೆ ಅಷ್ಟೇ, ಅಗಲ ಇಲ್ಲ. ಬಹಳ ಶಾಲೆಗಳು ಪಾಸ್‌ಪೋರ್ಟ್ ಬಣ್ಣ ನೋಡಿಯೇ ಮುಂದೆ ಹೋಗುತ್ತವೆ. ನಾನು ಇಲ್ಲಿಗೆ ಬಂದದ್ದು ಗಂಡನ ಕೆಲಸದ ಮೇಲೆ, ಪಾಠ ಮಾಡಲು ಬಹಳ ಅಲೆದೆ.

ಬೆಣ್ಣೆದೋಸೆ:
ಇದು ಮಾಲ್ಡೀವ್ಸ್ ಪರವಾಗಿ ನಾನು ಒಪ್ಪುವ ಮಾತು. ‘ನೇಟಿವ್ ಸ್ಪೀಕರ್’ ಹಣೆಪಟ್ಟಿ ಅಲ್ಲಿ ಯಾರೂ ಕೇಳುವುದಿಲ್ಲ. 1960ರ ದಶಕದಲ್ಲಿ ಶಾಲೆಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸಿದಾಗ ಅವರಿಗೆ ಪಾಠ ಮಾಡಿದ್ದು ಶ್ರೀಲಂಕಾದವರು, ಆಮೇಲೆ ಭಾರತದವರು. ಅಲ್ಲಿನ ದೊಡ್ಡ ಅಧಿಕಾರಿಗಳಿಗೂ ಎಸ್ಸೆ ತಿದ್ದಿದ ಒಬ್ಬ ಮಲಯಾಳಿ ಮಿಸ್ ಇರುತ್ತಾರೆ.

ದುರ್ಗದ_ಹುಡುಗಿ:
ಹಾಗಾದರೆ ಕ್ಲಾಸಿನ ಬಗ್ಗೆ ಹೇಳಿ. ನನಗೆ ಗೊತ್ತಿರುವುದು ಎಸ್ಸೆಸ್ಸೆಲ್ಸಿ. ಅರವತ್ತು ಮಕ್ಕಳು, ಪದ್ಯ, ಸಾರಾಂಶ, ವ್ಯಾಕರಣ. ಅಲ್ಲಿ ಕೇಂಬ್ರಿಡ್ಜ್ ಪರೀಕ್ಷೆಯಂತೆ. ನಡೆಯುತ್ತದಾ?

ಸಾಗರದ_ಮೇಷ್ಟ್ರು:
ನಡೆಯುತ್ತದೆ, ಆದರೆ ಇಲ್ಲಿನ ಕಷ್ಟ ನಮ್ಮೂರಿನ ಕಷ್ಟಕ್ಕೆ ತಿರುಗುಮುರುಗು.

ನಮ್ಮ ಹೈಸ್ಕೂಲಿನ ಮಕ್ಕಳು ಗೈಡ್ ನೋಡಿ ಇಂಗ್ಲಿಷಿನಲ್ಲಿ ಎರಡು ಪುಟ ಬರೆಯುತ್ತಾರೆ, ಬಾಯಿ ಬಿಡುವುದಿಲ್ಲ. ಇಲ್ಲಿ ದಿವೇಹಿ ಮತ್ತು ಇಸ್ಲಾಂ ಬಿಟ್ಟು ಉಳಿದದ್ದೆಲ್ಲ ಒಂದನೇ ತರಗತಿಯಿಂದ ಇಂಗ್ಲಿಷಿನಲ್ಲೇ. ಯೂಟ್ಯೂಬ್, ಕಾರ್ಟೂನ್, ಆನ್‌ಲೈನ್ ಆಟ ಎಲ್ಲ ಅದೇ. ಎಂಟನೇ ತರಗತಿಯ ಹುಡುಗ ನಿಮ್ಮ ಜೊತೆ ಅಮೆರಿಕದವನ ಹಾಗೆ ಪಟಪಟ ಮಾತಾಡುತ್ತಾನೆ. ನೀವು ಬೆರಗಾಗಿ ನಿಲ್ಲುತ್ತೀರಿ. ಆಮೇಲೆ ಅವನ ನೋಟ್‌ಬುಕ್ ತೆಗೆಯಿರಿ. ಫುಲ್‌ಸ್ಟಾಪ್ ಇಲ್ಲ, ಪ್ಯಾರಾ ಇಲ್ಲ, ಕಿವಿಗೆ ಕೇಳಿದ ಹಾಗೆ ಸ್ಪೆಲ್ಲಿಂಗ್. ಮಾತು ಬರುತ್ತದೆ, ಬರವಣಿಗೆ ಇಲ್ಲ. ಹೊಸ ಟೀಚರ್‌ಗಳು ಮಾತು ಕೇಳಿ ಮಟ್ಟ ಲೆಕ್ಕ ಹಾಕುತ್ತಾರೆ, ಮೊದಲ ಟೆಸ್ಟಿನಲ್ಲಿ ಕಂಗಾಲಾಗುತ್ತಾರೆ.

ಹತ್ತನೇ ತರಗತಿಯಲ್ಲಿ ಕೇಂಬ್ರಿಡ್ಜ್‌ನ ಐಜಿಸಿಎಸ್‌ಇ, ನಮ್ಮ ಎಸ್ಸೆಸ್ಸೆಲ್ಸಿ ಮಟ್ಟದ ಪರೀಕ್ಷೆ, ಎರಡನೇ ಭಾಷೆಯಾಗಿ ಇಂಗ್ಲಿಷ್. ಓದು, ಬರಹ, ಕೇಳುವಿಕೆ. ಗದ್ಯ ಪದ್ಯದ ಕಂಠಪಾಠ ಇಲ್ಲವೇ ಇಲ್ಲ. ಗೆಳೆಯನಿಗೆ ಇಮೇಲ್ ಬರೆ, ಶಾಲೆಯ ಪತ್ರಿಕೆಗೆ ಲೇಖನ ಬರೆ, ಒಂದು ಸಿನಿಮಾಕ್ಕೆ ವಿಮರ್ಶೆ ಬರೆ, ಹೀಗೆ. ಯಾರಿಗೆ ಬರೆಯುತ್ತಿದ್ದೇನೆ ಎಂದು ನೋಡಿ ಧ್ವನಿ ಬದಲಿಸಬೇಕು. ಇದನ್ನು ನಾವು ಬಿಎಡ್‌ನಲ್ಲಿ ಕಲಿತೇ ಇಲ್ಲ. ಹಳೆಯ ಪ್ರಶ್ನೆಪತ್ರಿಕೆ ಮಾತ್ರ ಸಾಲದು, ಪರೀಕ್ಷಕರ ವರದಿಗಳನ್ನೂ ಓದಿ. ಮಕ್ಕಳು ಎಲ್ಲಿ ಅಂಕ ಕಳೆದುಕೊಳ್ಳುತ್ತಾರೆ ಎಂದು ಅವರೇ ಬರೆದಿರುತ್ತಾರೆ.

ವರ್ಕ್‌ಬುಕ್‌ಗಳ ಬಗ್ಗೆ ಒಂದು ಮಾತು. ‘ರೈಲು ಪ್ರಯಾಣ’ ಎಂಬ ವಿಷಯ ಕೊಡುತ್ತಾರೆ. ಈ ದೇಶದಲ್ಲಿ ರೈಲು ಇಲ್ಲ. ನದಿ ಇಲ್ಲ, ಬೆಟ್ಟ ಇಲ್ಲ, ಇಡೀ ದೇಶದ ನೆಲ ಬಹುಪಾಲು ಸಮುದ್ರ ಮಟ್ಟದಿಂದ ಎರಡೂವರೆ ಮೀಟರ್ ಒಳಗೇ. ಜೋಗದ ಪಕ್ಕದಿಂದ ಬಂದ ನಾನು ಜಲಪಾತ ವಿವರಿಸಲು ಹೋಗಿ ಬಾಯಿ ಒಣಗಿಸಿಕೊಂಡಿದ್ದೇನೆ. ವಿಷಯ ಬದಲಿಸಿ. ಅಪ್ಪನ ಜೊತೆ ಟ್ಯೂನಾ ಹಿಡಿಯಲು ಹೋದದ್ದು, ಗಾಳ ಹಾಕುವುದು, ಬೋಟಿನ ಎಂಜಿನ್ ಕೆಟ್ಟದ್ದು. ಮೊದಲು ಬಾಯಲ್ಲಿ ಹೇಳಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ಅದನ್ನೇ ಕೇಳಿಸಿಕೊಂಡು ಬರೆಯಲು ಹೇಳಿ. ಆಮೇಲೆ ಎರಡನೇ ಸಲ, ಇದೇ ಕಥೆ ಪತ್ರಿಕೆಗೆ ಎಂದು ಬರೆಸಿ. ನನ್ನ ಅನುಭವದಲ್ಲಿ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಹತ್ತು ಹದಿನೈದು ಮಕ್ಕಳ ಕ್ಲಾಸಿನಲ್ಲಿ ಇದನ್ನು ಮಾಡಲು ಸಮಯ ಸಿಗುತ್ತದೆ, ಅರವತ್ತರಲ್ಲಿ ಸಾಧ್ಯವೇ?

ಕೈ ಎತ್ತಬೇಡಿ, ಬೆತ್ತದ ಮಾತೂ ಬೇಡ. ಅದಕ್ಕೆ ಇಲ್ಲಿ ಕೆಲಸ ಹೋಗುತ್ತದೆ.

ಕುಡ್ಲದ_ಮೀನು:
ಟ್ಯೂಷನ್ ಬಗ್ಗೆ ಮೇಷ್ಟ್ರು ಹೇಳಿದ್ದು ಒಪ್ಪಿದೆ, ಆ ಸಾಲು ವಾಪಸ್. ಮಾಲೆಯೇ ಒಳ್ಳೆಯದು ಎಂಬುದನ್ನು ಮಾತ್ರ ಬಿಡುವುದಿಲ್ಲ.

ಮಕ್ಕಳು ನಿಮ್ಮ ಉಚ್ಚಾರಣೆ ಅಣಕಿಸುತ್ತಾರೆ. ಯೂಟ್ಯೂಬ್‌ನಲ್ಲಿ ಕೇಳಿದ್ದೇ ಇಂಗ್ಲಿಷ್ ಅವರಿಗೆ. ಸಿಟ್ಟು ಮಾಡಬೇಡಿ, ಬದಲಿಸಿಕೊಳ್ಳಲೂ ಹೋಗಬೇಡಿ. ನಾನು ಒಂದು ದಿನ ಕೇಳುವಿಕೆಯ ಪಾಠಕ್ಕೆ ಸ್ಕಾಟ್ಲೆಂಡ್, ನೈಜೀರಿಯಾ, ಸಿಂಗಪುರದವರು ಮಾತಾಡಿದ ಧ್ವನಿ ಹಾಕಿದೆ. ಅರ್ಧ ತಿಳಿಯಲಿಲ್ಲ. ‘ರೆಸಾರ್ಟಿನಲ್ಲಿ ಕೆಲಸಕ್ಕೆ ಹೋದರೆ ಇವರೆಲ್ಲ ಬರುತ್ತಾರೆ, ಏನು ಮಾಡುತ್ತೀರಿ?’ ಎಂದು ಕೇಳಿದೆ. ಆಮೇಲೆ ನನ್ನ ‘ವಿ’, ‘ಡಬ್ಲ್ಯೂ’ ಸುದ್ದಿಗೆ ಬಂದಿಲ್ಲ.

ದುರ್ಗದ_ಹುಡುಗಿ:
ಬಹಳ ದಿನ ಆಯಿತು, ತಡವಾಗಿ ಬರೆಯುತ್ತಿದ್ದೇನೆ. ದ್ವೀಪವನ್ನೇ ಆರಿಸಿಕೊಂಡೆ, ಬಂದು ಸೇರಿದ್ದೇನೆ. ಬೋಟಿನಲ್ಲಿ ವಾಂತಿ ಬಿಟ್ಟರೆ ಎಲ್ಲ ಸುಗಮ. ಮುಂದೆ ಬರುವವರಿಗೆ ಎರಡು ವಿಷಯ.

ವರ್ಕ್ ಪರ್ಮಿಟ್ ಕೈಗೆ ಬರುವವರೆಗೆ ಬ್ಯಾಂಕ್ ಖಾತೆ ಆಗಲಿಲ್ಲ. ಖಾತೆ ಇಲ್ಲದೆ ಸಂಬಳ ಇಲ್ಲ. ಶುರುವಿನ ಖರ್ಚಿಗೆ ಕೈಯಲ್ಲಿ ಡಾಲರ್ ಇರಲಿ. ಅಂಗಡಿಯವರು ಸಾಲ ಬರೆದುಕೊಳ್ಳುತ್ತಾರೆ, ಅದು ನಿಜ. ಆದರೆ ಬಂದ ಹೊಸದರಲ್ಲೇ ಸಾಲ ಹೇಳಲು ಮುಜುಗರ.

ಎರಡನೆಯದು, ವಾರ ಭಾನುವಾರ ಶುರು. ಬೆಳಗ್ಗೆ ಏಳರ ಹೊತ್ತಿಗೆ ಅಸೆಂಬ್ಲಿ, ಊಟದ ಹೊತ್ತಿಗೆ ಕ್ಲಾಸ್ ಮುಗಿಯುತ್ತದೆ. ಶುಕ್ರವಾರ, ಶನಿವಾರ ರಜೆ. ಊರಲ್ಲಿ ಎಲ್ಲರೂ ಬಿಡುವಾಗಿ ಫೋನ್ ಮಾಡುವ ದಿನ ನಾನು ಕ್ಲಾಸಿನಲ್ಲಿ ಇರುತ್ತೇನೆ. ಅಮ್ಮನಿಗೆ ಇದಿನ್ನೂ ಅಭ್ಯಾಸ ಆಗಿಲ್ಲ.

ಮಕ್ಕಳು ಮೇಷ್ಟ್ರು ಹೇಳಿದ ಹಾಗೆಯೇ. ಪ್ರಾಂಶುಪಾಲರಿಗೆ ಮನವಿ ಪತ್ರ ಬರೆಯಿರಿ ಎಂದರೆ ಒಬ್ಬ ‘ಹೇ ಬ್ರೋ’ ಎಂದು ಶುರು ಮಾಡಿದ. ರೆಕಾರ್ಡ್ ಮಾಡಿ ಬರೆಸುವುದು ಒಂಬತ್ತನೇ ತರಗತಿಯಲ್ಲಿ ಚೆನ್ನಾಗಿ ನಡೆಯುತ್ತಿದೆ. ಹತ್ತನೆಯವರು ಒಪ್ಪುತ್ತಿಲ್ಲ, ‘ಪರೀಕ್ಷೆಗೆ ಬರುವುದು ಮಾಡಿಸಿ ಮಿಸ್’ ಅನ್ನುತ್ತಾರೆ. ಅವರನ್ನು ಹೇಗೆ ಒಪ್ಪಿಸುವುದು?

ಇನ್ನೊಂದು ಕಾಟ ವೈಬರ್, ವಾಟ್ಸಾಪ್ ಥರದ ಆ್ಯಪ್. ಪ್ರತಿ ಕ್ಲಾಸಿಗೂ ಪೋಷಕರ ಗುಂಪು. ರಾತ್ರಿ ಹನ್ನೊಂದಕ್ಕೆ ‘ಮಿಸ್, ನಾಳೆ ಯಾವ ಪುಸ್ತಕ?’ ಬೇಡ ಅನ್ನಲೂ ಆಗುವುದಿಲ್ಲ, ಬೆಳಗ್ಗೆ ಅವರೇ ಅಂಗಡಿಯಲ್ಲಿ ಸಿಗುತ್ತಾರೆ.

ಸಾಗರದ_ಮೇಷ್ಟ್ರು:
ಹತ್ತನೆಯವರ ಜೊತೆ ವಾದ ಬೇಡ, ಅವರು ಕೇಳಿದ್ದು ನ್ಯಾಯವೇ. ಅಂಕ ಕೊಡುವ ಪಟ್ಟಿಯನ್ನೇ ಅವರ ಕೈಗೆ ಕೊಡಿ. ಹಿಂದಿನ ವರ್ಷದ ಮಕ್ಕಳ ಎರಡು ಇಮೇಲ್, ಹೆಸರು ಅಳಿಸಿ, ಅವರಿಂದಲೇ ತಿದ್ದಿಸಿ. ಮಕ್ಕಳು ನಮಗಿಂತ ಬಿಗಿಯಾಗಿ ಅಂಕ ಹಾಕುತ್ತಾರೆ. ‘ಇದು ಬ್ರೋಗೆ ಬರೆದದ್ದೋ, ಪ್ರಾಂಶುಪಾಲರಿಗೋ?’ ಎಂಬ ಪ್ರಶ್ನೆ ಆಗ ಅವರ ಬಾಯಿಂದಲೇ ಬರುತ್ತದೆ. ಆಮೇಲೆ ಅವರವರದ್ದನ್ನು ಅವರೇ ತಿದ್ದಲಿ. ರೆಕಾರ್ಡಿಂಗ್ ಹತ್ತನೆಯವರಿಗೆ ಬಿಡಿ, ಒಂಬತ್ತರಲ್ಲಿ ಮಾಡಿದವರು ಮುಂದಿನ ವರ್ಷ ಅಲ್ಲಿಗೇ ಬರುತ್ತಾರೆ.

ಶಿರಸಿ_ಮಿಸ್:
ವೈಬರ್‌ಗೆ ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಒಂದು ಮಾಡಬೇಡಿ. ಮೊದಲ ಪೋಷಕರ ಸಭೆಯಲ್ಲೇ ‘ರಾತ್ರಿ ಎಂಟರ ನಂತರದ ಮೆಸೇಜಿಗೆ ಬೆಳಗ್ಗೆ ಉತ್ತರ’ ಎಂದು ಎಲ್ಲರ ಎದುರು ಹೇಳಿ. ನಾಳೆಯ ಪುಸ್ತಕದ ಪಟ್ಟಿಯನ್ನು ಮಧ್ಯಾಹ್ನವೇ ಗುಂಪಿಗೆ ಹಾಕಿ. ಸಭೆಗೆ ಬರುವುದು ಜಾಸ್ತಿ ಅಮ್ಮಂದಿರು, ಅವರಿಗೂ ರಾತ್ರಿ ನಿದ್ದೆ ಬೇಕು, ಅರ್ಥ ಮಾಡಿಕೊಳ್ಳುತ್ತಾರೆ. ಒಬ್ಬಿಬ್ಬರು ಮುಖ ಊದಿಸಿಕೊಳ್ಳುತ್ತಾರೆ, ಅದು ಎಲ್ಲ ಕಡೆ ಇದ್ದದ್ದೇ.

ಬೆಣ್ಣೆದೋಸೆ:
ಈ ತಿಂಗಳು ಊರಿಗೆ ಎಷ್ಟು ಕಳಿಸಲು ಆಯಿತು?

ದುರ್ಗದ_ಹುಡುಗಿ:
ಬೆಣ್ಣೆದೋಸೆ ಅಣ್ಣ, ನಾನು ಅಂದುಕೊಂಡದ್ದಕ್ಕಿಂತ ಕಡಿಮೆ. ಅಪ್ಪನ ಸೊಸೈಟಿ ಸಾಲ ತೀರಿಸುವ ಲೆಕ್ಕ ಒಂದು ವರ್ಷ ಮುಂದೆ ಹೋಯಿತು. ಆದರೂ ಸಂಬಳ ತಾರೀಖಿಗೆ ಬರುತ್ತಿದೆ, ದುರ್ಗದಲ್ಲಿ ಅದೂ ಇರಲಿಲ್ಲ.

ಸಭೆ ಗುರುವಾರ ಇದೆ. ಎಂಟು ಗಂಟೆ ನಿಯಮ ಹೇಳುತ್ತೇನೆ.

ಪೇಡೆ ಅವರೇ, ಕುಕ್ಕರ್ ಗ್ಯಾಸ್ಕೆಟ್ ಹೋಗಿದೆ. ಇಲ್ಲಿ ಅಂಗಡಿಯಲ್ಲಿ ಕೇಳಿದರೆ ಬೋಟ್ ಎಂಜಿನ್ನಿಗಾ ಎಂದು ಕೇಳುತ್ತಾರೆ. ಎಲ್ಲಿ ಸಿಗುತ್ತದೆ?

ಧಾರವಾಡ_ಪೇಡೆ:
ಮಾಲೆಯಲ್ಲಿ ಸಿಗುತ್ತದೆ ಅಕ್ಕಾವ್ರೆ. ಕುಕ್ಕರ್ ಯಾವ ಕಂಪನಿ, ಎಷ್ಟು ಲೀಟರ್, ಹಳೆ ಗ್ಯಾಸ್ಕೆಟ್ಟಿನ ಫೋಟೋ ಕಳಿಸ್ರಿ. ನಿಮ್ಮ ಕಡೆ ಸಾಮಾನು ತರುವ ಬೋಟಿಗೆ ಹಾಕಿಸುತ್ತೇನೆ. ಎರಡು ಹಾಕಿಸುತ್ತೇನೆ.